ಗೇಮ್ ಸುದ್ದಿಯಲ್ಲಿ ಕೋರ್ಟು, ಸುಂಕ, ಸೆನೆಟ್: ಹೊಸದಾಗಿ ಬಂದವರಿಗೊಂದು ಉತ್ತರ

ಬೆಂಗಳೂರಿನಲ್ಲಿದ್ದಾಗ ವಿಡಿಯೋ ಗೇಮ್ ಸುದ್ದಿಯೆಂದರೆ ಯಾವ ಆಟ ಯಾವಾಗ ಬರುತ್ತದೆ ಎಂಬುದಷ್ಟೇ ಆಗಿತ್ತು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ ಮೂರೇ ತಿಂಗಳಲ್ಲಿ ಅದೇ ಸುದ್ದಿಯ ತುಂಬ ಸುಂಕ, ಸೆನೆಟ್, ನ್ಯಾಯಾಧೀಶರು ಕಾಣುತ್ತಿದ್ದಾರೆ, ಮತದ ಹಕ್ಕಿಲ್ಲದ ನಾನು ಇದನ್ನೆಲ್ಲ ಏಕೆ ತಿಳಿದುಕೊಳ್ಳಬೇಕು ಎಂದು ಕೇಳಿದ್ದೀರಿ. ಹದಿನಾರು ವರ್ಷದಿಂದ ಇಲ್ಲಿರುವ ನನಗೆ ಈ ದೇಶದ ಆಡಳಿತದ ಒಳಗನ್ನು ತೋರಿಸಿಕೊಟ್ಟದ್ದು ಟಿ.ವಿ.ಯ ಚುನಾವಣಾ ಚರ್ಚೆಗಳಲ್ಲ, ಗೇಮ್ ಸುದ್ದಿಯೇ; ಆದ್ದರಿಂದ ಅದನ್ನು ಬಿಡಬೇಡಿ ಎನ್ನುತ್ತೇನೆ.

ಮೊದಲನೆಯದು ಜೇಬಿನ ಮಾತು. 2025ರ ಏಪ್ರಿಲ್ 2ರಂದು ನಿಂಟೆಂಡೊ ಕಂಪನಿ ತನ್ನ ಹೊಸ ಗೇಮ್ ಕನ್ಸೋಲ್ ಸ್ವಿಚ್ 2ಕ್ಕೆ 449.99 ಡಾಲರ್ ಬೆಲೆ ಪ್ರಕಟಿಸಿದ ದಿನವೇ ಅಧ್ಯಕ್ಷ ಟ್ರಂಪ್ ಹೊಸ ಆಮದು ಸುಂಕಗಳನ್ನು ಘೋಷಿಸಿದರು. ಎರಡು ದಿನಗಳಲ್ಲಿ ಅಮೆರಿಕದ ಮುಂಗಡ ಬುಕಿಂಗ್ ಮುಂದಕ್ಕೆ ಹೋಯಿತು. 24ರಂದು ಮತ್ತೆ ತೆರೆದಾಗ ಕನ್ಸೋಲಿನ ಬೆಲೆ ಹಾಗೆಯೇ ಇದ್ದರೂ ಕಂಟ್ರೋಲರ್ ಮುಂತಾದವುಗಳ ಬೆಲೆ ಏರಿತ್ತು.

ನ್ಯಾಯಾಲಯದ ಸುದ್ದಿ ಇದಕ್ಕಿಂತ ಆಳದ್ದು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಕಲಮುಗಳನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದು ನಿಮಗೆ ನೆನಪಿರಬಹುದು. ವಿಷಯ ಬೇರೆಯಾದರೂ ಇಲ್ಲಿಯೂ ಒಂದು ರಾಜ್ಯದ ಕಾನೂನು ಹೀಗೆಯೇ ಬಿದ್ದಿತು. ಹಿಂಸೆಯ ಆಟಗಳನ್ನು ಹದಿನೆಂಟಕ್ಕಿಂತ ಚಿಕ್ಕವರಿಗೆ ಮಾರಿದರೆ 1,000 ಡಾಲರ್‌ವರೆಗೆ ದಂಡ ಎಂದು ಕ್ಯಾಲಿಫೋರ್ನಿಯಾ 2005ರಲ್ಲಿ ಮಾಡಿದ ಕಾನೂನನ್ನು ಸುಪ್ರೀಂ ಕೋರ್ಟ್ 2011ರ ಜೂನ್‌ನಲ್ಲಿ ಏಳಕ್ಕೆ ಎರಡು ಮತಗಳಿಂದ ತಳ್ಳಿಹಾಕಿತು; ಪುಸ್ತಕ, ನಾಟಕ, ಸಿನಿಮಾಗಳಿಗಿರುವ ವಾಕ್ ಸ್ವಾತಂತ್ರ್ಯದ ರಕ್ಷಣೆ ಆಟಗಳಿಗೂ ಉಂಟು ಎಂಬುದು ಅದರ ತಿರುಳು. ತೀರ್ಪು ಬರೆದವರು ಸಂಪ್ರದಾಯವಾದಿ ಎಂದು ಹೆಸರಾದ ಸ್ಕಾಲಿಯಾ, ಅವರ ಜೊತೆ ನಿಂತವರಲ್ಲಿ ಉದಾರವಾದಿಗಳಾದ ಗಿನ್ಸ್‌ಬರ್ಗ್, ಸೊಟೊಮೇಯರ್, ಕೇಗನ್ ಇದ್ದರು. ವಿರೋಧಿಸಿದ ಇಬ್ಬರಲ್ಲಿ ಒಬ್ಬರು ಸಂಪ್ರದಾಯವಾದಿ ಥಾಮಸ್, ಇನ್ನೊಬ್ಬರು ಅವರ ವಿರುದ್ಧ ಧ್ರುವದ ಉದಾರವಾದಿ ಬ್ರೇಯರ್. ನ್ಯಾಯಾಧೀಶರನ್ನು ನೇಮಿಸಿದ ಅಧ್ಯಕ್ಷರ ಪಕ್ಷದ ಹೆಸರು ನೋಡಿ ತೀರ್ಪನ್ನು ಊಹಿಸುವ ನನ್ನ ಅಭ್ಯಾಸ ಅಂದೇ ಬಿಟ್ಟುಹೋಯಿತು. ನಿಮ್ಮ ಮಗನಿಗೆ ಹತ್ತು ವರ್ಷ ಎಂದಿದ್ದೀರಲ್ಲ, ಆಟದ ಪೆಟ್ಟಿಗೆಯ ಮೇಲಿನ ವಯಸ್ಸಿನ ಗುರುತು ಸರ್ಕಾರದ್ದಲ್ಲವೆಂದು ತಿಳಿದಿರಿ. 1993ರ ಸೆನೆಟ್ ವಿಚಾರಣೆಗಳ ಒತ್ತಡದಲ್ಲಿ ಗೇಮ್ ಉದ್ಯಮವೇ ಮರುವರ್ಷ ಅದನ್ನು ಕಟ್ಟಿಕೊಂಡಿತು. ಯಾವ ಆಟ ಮನೆಗೆ ಬರಬೇಕೆಂಬ ತೀರ್ಮಾನ ಹೆತ್ತವರದೇ.

ಇನ್ನೊಂದು ಮಾತು, ತಾಳ್ಮೆಯದು. ಫೋರ್ಟ್‌ನೈಟ್ ಆಟದ ಕಂಪನಿ ಎಪಿಕ್ ಮತ್ತು ಆ್ಯಪಲ್ ನಡುವೆ ಐಫೋನಿನ ಆ್ಯಪ್ ಅಂಗಡಿಯ ಪಾವತಿ ನಿಯಮಗಳ ಕುರಿತ ಮೊಕದ್ದಮೆ 2021ರ ಮೇ ತಿಂಗಳಲ್ಲಿ ಓಕ್‌ಲ್ಯಾಂಡಿನ ಫೆಡರಲ್ ನ್ಯಾಯಾಲಯದಲ್ಲಿ ನಡೆದಾಗ ಸಾರ್ವಜನಿಕರು ಫೋನಿನಲ್ಲಿ ಕೇಳಲು ಅವಕಾಶವಿತ್ತು; ಅಡುಗೆಮನೆಯಲ್ಲಿ ಫೋನಿಟ್ಟುಕೊಂಡು ನಾನೂ ಕೇಳಿದೆ. ಸೆಪ್ಟೆಂಬರಿನ ತೀರ್ಪಿನಲ್ಲಿ ಹೆಚ್ಚಿನ ಅಂಶಗಳು ಆ್ಯಪಲ್ ಪರವಾಗಿದ್ದವು, ಆದರೆ ಹೊರಗಿನ ಪಾವತಿಯ ದಾರಿಯನ್ನು ಆ್ಯಪ್‌ಗಳು ತೋರಿಸುವುದನ್ನು ತಡೆಯಬಾರದೆಂದು ನ್ಯಾಯಾಧೀಶೆ ಗೊನ್ಸಾಲೆಜ್ ರಾಜರ್ಸ್ ಆದೇಶಿಸಿದರು. ಮೇಲ್ಮನವಿಗಳನ್ನು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಕೈಗೆತ್ತಿಕೊಳ್ಳಲಿಲ್ಲ. ಆ ಆದೇಶ ಉಲ್ಲಂಘನೆಯಾಗಿದೆಯೆಂದು ಅದೇ ನ್ಯಾಯಾಧೀಶೆ 2025ರ ಏಪ್ರಿಲ್‌ನಲ್ಲಿ ಹೇಳಿದ ಮೇಲೆಯೇ ಫೋರ್ಟ್‌ನೈಟ್ ಇಲ್ಲಿನ ಐಫೋನುಗಳಿಗೆ ಮರಳಿದ್ದು. ಆದ್ದರಿಂದ 'ಗೆದ್ದರು' ಎಂಬ ಶೀರ್ಷಿಕೆ ಕಂಡಾಗ, ಅದು ಯಾವ ಕೋರ್ಟು, ಯಾವ ಹಂತ ಎಂದು ಮೊದಲು ನೋಡಿ.

ವಾಷಿಂಗ್ಟನ್ನನ್ನೇ ನೋಡುತ್ತ ಕೂರದೆ ನಮ್ಮ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ ಕಡೆಗೂ ಗಮನವಿರಲಿ. ಡಿಜಿಟಲ್ ಆಟ ಮಾರುವಾಗ ನೀವು ಪಡೆಯುವುದು ಒಡೆತನವಲ್ಲ, ಬಳಕೆಯ ಪರವಾನಗಿ ಎಂದು ಅಂಗಡಿಗಳು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಯಲ್ಲಿದೆ. ಇಂಥ ಮಸೂದೆಗಳ ಬಗ್ಗೆ ನಿಮ್ಮ ಕ್ಷೇತ್ರದ ಶಾಸಕರಿಗೆ ಬರೆಯಲು ಪೌರತ್ವ ಬೇಕಿಲ್ಲ, ನಾನು ವೀಸಾದಲ್ಲಿದ್ದಾಗಲೂ ಬರೆದಿದ್ದೇನೆ. ಚುನಾವಣಾ ಪ್ರಚಾರಕ್ಕೆ ಮಾತ್ರ ಹಣ ಕೊಡಬೇಡಿ; ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಒಂದು ಡಾಲರ್ ಕೊಟ್ಟರೂ ಅದು ಫೆಡರಲ್ ಕಾನೂನಿಗೆ ವಿರುದ್ಧ.