ಪೀಠಿಕೆ ಬೇಕೇ, ಉಪಸಂಹಾರ ಬೇಕೇ?

ಮೂವತ್ತು ವರ್ಷಗಳ ಹಿಂದೆ ಮನೆಗೆ ಬೆಂಕಿ ಬಿದ್ದ ರಾತ್ರಿಯನ್ನು ಪೀಠಿಕೆಯಾಗಿಯೂ, ಮಕ್ಕಳೆಲ್ಲ ಒಂದು ನೆಲೆಗೆ ಬಂದ ಮೇಲಿನ ಒಂದು ದಿನವನ್ನು ಉಪಸಂಹಾರವಾಗಿಯೂ ಬರೆದಿಟ್ಟಿದ್ದೀರಿ. ಇವೆರಡೂ ನಿಮ್ಮ ಕಾದಂಬರಿಗೆ ಬೇಕೇ ಎಂದು ಕೇಳಿದ್ದೀರಿ. ಹಸ್ತಪ್ರತಿಯನ್ನು ಓದದೆ ಆಡುವ ಮಾತಿಗೆ ಮಿತಿಯಿದೆಯಾದರೂ, ನೀವು ಕೊಟ್ಟಿರುವ ವಿವರದಿಂದ ನೋಡಿದರೆ ಪೀಠಿಕೆಯನ್ನು ಬಿಡಬಹುದು, ಉಪಸಂಹಾರದ ಬಗ್ಗೆ ಇನ್ನಷ್ಟು ಯೋಚಿಸಬೇಕು ಎಂದು ನನಗೆ ತೋರುತ್ತದೆ.

ಪೀಠಿಕೆಯ ವಿಷಯದಲ್ಲಿ ನಾನು ಪೆಟ್ಟು ತಿಂದವನು. ನನ್ನ ಮೊದಲ ಕಾದಂಬರಿಯನ್ನು ಕೆರೆಯ ಏರಿ ಒಡೆದ ರಾತ್ರಿಯಿಂದ ಆರಂಭಿಸಿ, ಆ ಹನ್ನೊಂದು ಪುಟಗಳನ್ನು ಬಹಳ ಮಮತೆಯಿಂದ ತಿದ್ದಿ ತೀಡಿದ್ದೆ. ಮೂರನೆಯ ಅಧ್ಯಾಯದಲ್ಲಿ, ಮಳೆ ಹಿಡಿದ ಕೂಡಲೇ ಮುದುಕನೊಬ್ಬ ಹಾಸಿಗೆ ಸುತ್ತಿಕೊಂಡು ಅಟ್ಟ ಹತ್ತಿ ಕೂರುತ್ತಾನೆ. ಹಸ್ತಪ್ರತಿ ಓದಿದ ಗೆಳೆಯರಿಗೆ ಆ ದೃಶ್ಯ ಸಪ್ಪೆಯೆನಿಸಿತು, ಏಕೆಂದರೆ ಅವನ ಭಯದ ಕಾರಣವನ್ನು ನಾನೇ ಮೊದಲು ಹೇಳಿ ಮುಗಿಸಿದ್ದೆ. ಪೀಠಿಕೆಯನ್ನು ತೆಗೆದ ಮೇಲೆ ಅದೇ ದೃಶ್ಯ, ಒಂದಕ್ಷರವೂ ಬದಲಾಗದೆ, ಓದುಗರಿಂದ ಪ್ರಶ್ನೆ ಕೇಳಿಸತೊಡಗಿತು. ನೀವೂ ಬೆಂಕಿಯ ರಾತ್ರಿಯನ್ನು ಮುಚ್ಚಿಟ್ಟು, ಮೊದಲೆರಡು ಅಧ್ಯಾಯಗಳನ್ನಷ್ಟೇ ಯಾರಿಗಾದರೂ ಕೊಟ್ಟು ನೋಡಿ. ಅವರಿಗೆ ಕುತೂಹಲ ಹುಟ್ಟಿದರೆ ಪೀಠಿಕೆ ಬೇಡ. ಕಥೆಯನ್ನೇ ತಪ್ಪಾಗಿ ತಿಳಿದರೆ ಬೇಕು.

ತೆಗೆಯಲಾಗದ ಆರಂಭವೂ ಉಂಟು. 1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯು, ಉತ್ತರ ಧ್ರುವದ ಕಡೆ ಹಡಗಿನಲ್ಲಿ ಹೊರಟ ವಾಲ್ಟನ್ ತನ್ನ ಸಹೋದರಿಗೆ ಬರೆಯುವ ನಾಲ್ಕು ಪತ್ರಗಳಿಂದ ಶುರುವಾಗುತ್ತದೆ. ವಿಕಾರ ಜೀವಿಯೊಂದನ್ನು ಸೃಷ್ಟಿಸಿ, ಹಿಮದ ನಡುವೆ ಸಿಕ್ಕ ವಿಕ್ಟರ್ ಫ್ರಾಂಕೆನ್‌ಸ್ಟೈನ್ ತನ್ನ ಕಥೆಯನ್ನು ಹೇಳುವುದು ಮಹತ್ವಾಕಾಂಕ್ಷಿಯಾದ ಈ ವಾಲ್ಟನ್‌ಗೇ. ಕೊನೆಯಲ್ಲಿ ಹಡಗನ್ನು ಹಿಂತಿರುಗಿಸಬೇಕಾಗಿ ಬರುವುದೂ ಇವನಿಗೇ. ಆ ಪತ್ರಗಳನ್ನು ತೆಗೆದರೆ ಕಥೆಗೆ ಕೇಳುಗನೇ ಇಲ್ಲದಂತಾಗುತ್ತದೆ.

ಉಪಸಂಹಾರಕ್ಕೆ ನಾನು ಮತ್ತೆ ಮತ್ತೆ ನೋಡುವುದು ದಾಸ್ತೊಯೆವ್‌ಸ್ಕಿಯ 1866ರ ಕಾದಂಬರಿ ‘ಅಪರಾಧ ಮತ್ತು ಶಿಕ್ಷೆ’ಯನ್ನು. ಆರನೆಯ ಭಾಗದ ಕೊನೆಗೆ ಕೊಲೆ ಮಾಡಿದ ನಾಯಕ ರಾಸ್ಕೋಲ್ನಿಕೋವ್ ಪೊಲೀಸ್ ಠಾಣೆಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತಾನೆ. ಒಪ್ಪಿಕೊಳ್ಳುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ತೀರುತ್ತದೆ. ಆದರೆ ಒಪ್ಪಿಕೊಂಡವನು ಪಶ್ಚಾತ್ತಾಪಪಟ್ಟನೇ? ಸೈಬೀರಿಯಾದ ಸೆರೆವಾಸದಲ್ಲಿ ಬಹುಕಾಲ ಅವನಿಗೆ ಪಶ್ಚಾತ್ತಾಪವಿಲ್ಲ, ಬದಲಾವಣೆ ಬರುವುದು ಉಪಸಂಹಾರದ ಕೊನೆಯ ಪುಟಗಳಲ್ಲಿ. ಅದನ್ನು ಬಲವಂತದ ಜೋಡಣೆ ಎನ್ನುವ ವಿಮರ್ಶಕರಿದ್ದಾರೆ. ಆ ತಿರುವು ಸ್ವಲ್ಪ ಅವಸರದ್ದೆಂದು ನಾನೂ ಒಪ್ಪುತ್ತೇನೆ, ಆದರೂ ಆ ಪ್ರಶ್ನೆಯನ್ನು ಠಾಣೆಯ ಬಾಗಿಲಲ್ಲಿ ಬಿಟ್ಟುಬರುವಂತಿರಲಿಲ್ಲ. ನಿಮ್ಮ ಕೊನೆಯ ಅಧ್ಯಾಯವೂ ಇಂಥ ಎರಡನೆಯ ಪ್ರಶ್ನೆಯೊಂದನ್ನು ಉಳಿಸಿದ್ದರೆ ಉಪಸಂಹಾರವನ್ನು ಇಟ್ಟುಕೊಳ್ಳಿ. ಯಾರಿಗೆ ಮದುವೆಯಾಯಿತು, ಯಾರು ಮನೆ ಕಟ್ಟಿಸಿದರು ಎಂಬ ವರದಿಯಷ್ಟೇ ಆಗಿದ್ದರೆ, ಹಳೆಯ ಸಿನಿಮಾಗಳ ‘ಶುಭಂ’ ಫಲಕದ ಕೆಲಸವನ್ನೇ ಅದು ಮಾಡುತ್ತದೆ.

ಇನ್ನೊಂದು ಸಣ್ಣ ಮಾತು. ನಮ್ಮ ಪುಸ್ತಕಗಳಲ್ಲಿ ಮುನ್ನುಡಿ, ಲೇಖಕರ ಅರಿಕೆ, ಕೃತಜ್ಞತೆಗಳೆಲ್ಲ ಮೊದಲೇ ಸಾಲುಗಟ್ಟಿ ನಿಂತಿರುವುದರಿಂದ, ‘ಪೀಠಿಕೆ’ ಎಂಬ ತಲೆಬರಹ ಕಂಡೊಡನೆ ಅದೂ ಅಂಥದ್ದೇ ಇರಬೇಕೆಂದು ಪುಟ ಮಗುಚುವವರಿದ್ದಾರೆ. ಬೆಂಕಿಯ ರಾತ್ರಿಯನ್ನು ಉಳಿಸಿಕೊಳ್ಳುವುದೇ ಆದರೆ ಅದಕ್ಕೆ ಆ ಹೆಸರು ಕೊಡಬೇಡಿ; ಆ ವರ್ಷದ ಅಂಕಿಯನ್ನಷ್ಟೇ ಮೇಲೆ ಹಾಕಿ.