ಐವತ್ತು ಮಕ್ಕಳ ಶಾಲೆಗೆ ಸೇರಿಸೋದಾ, ಬೇಡವಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮಗುವನ್ನು ಇಲ್ಲಿ ಪುಟ್ಟಿ ಎಂದು ಕರೆಯುತ್ತೇನೆ. ಬರೆಯಲು ತಂದೆ ತಾಯಿಯ ಒಪ್ಪಿಗೆ ಇದೆ.)

ಪುಟ್ಟಿಗೆ 7 ವರ್ಷ, ಎರಡನೇ ಕ್ಲಾಸು. ಮನೆ ಬೆಂಗಳೂರಿನ ನಾಗರಬಾವಿ ಕಡೆ. ಶಾಲೆ ನಾಯಂಡಹಳ್ಳಿ ಜಂಕ್ಷನ್ ದಾಟಿ ಇನ್ನೂ ಮುಂದೆ. ಬೆಳಿಗ್ಗೆ ಏಳಕ್ಕೆ ಮೊದಲೇ ವ್ಯಾನ್ ಬಂದು ನಿಲ್ಲುತ್ತದೆ. ಸೆಕ್ಷನ್ನಿನಲ್ಲಿ 42 ಮಕ್ಕಳು. ಕೆಲವು ತಿಂಗಳಿಂದ ಪುಟ್ಟಿಗೆ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಮಕ್ಕಳ ಡಾಕ್ಟರು ನೋಡಿ, ದೊಡ್ಡ ತೊಂದರೆ ಏನಿಲ್ಲ, ನೀರು ಜಾಸ್ತಿ ಕುಡಿಸಿ ಎಂದಿದ್ದರು. ಕ್ಲಾಸ್ ಟೀಚರನ್ನು ಕೇಳಿದರೆ, "ತುಂಬಾ ಒಳ್ಳೆ ಹುಡುಗಿ, ಅವಳಿಂದ ಏನೂ ಪ್ರಾಬ್ಲಮ್ ಇಲ್ಲ" ಎಂಬ ಉತ್ತರ. ಕೊನೆಗೆ ತಂದೆ ತಾಯಿ ಸಲಹೆ ಕೇಳಲು ಅವಳನ್ನು ನನ್ನ ಹತ್ತಿರ ಕರೆತಂದರು.

"ಮೇಡಂ, ನಮ್ಮ ಮನೆ ಹಿಂದಿನ ರಸ್ತೇಲೇ ಒಂದು ಚಿಕ್ಕ ಶಾಲೆ ಇದೆ. ಒಂದರಿಂದ ಐದರ ತನಕ, ಒಟ್ಟು ಐವತ್ತು ಮಕ್ಕಳು ಅಷ್ಟೇ. ಅಲ್ಲಿಗೆ ಹಾಕಿಬಿಡೋಣ ಅಂತ ನಾನು. ಇವರು ಒಪ್ತಾ ಇಲ್ಲ" ಎಂದರು ತಾಯಿ.

"ಮನೆ ಬಾಡಿಗೆಗೆ ತಗೊಂಡು ಶಾಲೆ ಅಂತ ಬೋರ್ಡ್ ಹಾಕಿದ್ದಾರೆ ಮೇಡಂ. ಎರಡನೇ ಕ್ಲಾಸು, ಮೂರನೇ ಕ್ಲಾಸು ಒಂದೇ ರೂಮಲ್ಲಿ. ಐದಾದ ಮೇಲೆ ಎಲ್ಲಿಗೆ ಹೋಗೋದು?" ಎಂದರು ತಂದೆ.

ಇಬ್ಬರ ಮಾತಿನಲ್ಲೂ ಅರ್ಥವಿತ್ತು. ಆದರೆ ಮಗುವನ್ನು ಇಬ್ಬರೂ ಸರಿಯಾಗಿ ಕೇಳಿರಲಿಲ್ಲ. ನಾನು ಪುಟ್ಟಿ ಹತ್ತಿರ ಶಾಲೆ ಹೇಗಿದೆ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಮಕ್ಕಳು "ಚೆನ್ನಾಗಿದೆ" ಎಂದು ಮುಗಿಸಿಬಿಡುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡ್ತೀಯ, ಯಾರ ಪಕ್ಕ ಕೂರ್ತೀಯ, ಊಟದ ಡಬ್ಬಿ ಎಲ್ಲಿ ತೆಗೀತೀಯ ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ನೀರಿನ ಬಾಟಲಿ ತುಂಬಿದ ಹಾಗೇ ಮನೆಗೆ ವಾಪಸ್ ಬರುತ್ತಿತ್ತು. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತದಲ್ಲ, ಅದಕ್ಕೇ ಕುಡಿಯುತ್ತಿರಲಿಲ್ಲ. ಬ್ರೇಕಿನಲ್ಲಿ ಉದ್ದ ಸಾಲು, ದೊಡ್ಡ ಕ್ಲಾಸಿನ ಅಕ್ಕಂದಿರು ಮುಂದೆ ನುಗ್ಗುತ್ತಾರೆ. ಕ್ಲಾಸ್ ನಡುವೆ ಕೇಳಿದರೆ, "ಬ್ರೇಕಲ್ಲಿ ಯಾಕೆ ಹೋಗಲಿಲ್ಲ?" ಎಂದು ಎಲ್ಲರ ಮುಂದೆ ಗದರುತ್ತಾರೆ.

ಹಾಗಾಗಿ ನನ್ನ ಮೊದಲ ಸಲಹೆ ಚಿಕ್ಕ ಶಾಲೆಯ ಬಗ್ಗೆ ಆಗಿರಲಿಲ್ಲ. ಈಗಿರುವ ಶಾಲೆಯಲ್ಲೇ ಇದನ್ನು ಮೊದಲು ಸರಿಮಾಡಿಸಿ ಎಂದೆ. ಬಾಯಲ್ಲಿ ಹೇಳುವುದರ ಜೊತೆಗೆ ಒಂದು ಚೀಟಿಯನ್ನೂ ಬರೆದುಕೊಡಿ ಎಂದೆ. ಟೀಚರ್ ಒಪ್ಪಿಕೊಂಡರು. ಬೆಲ್ ಹೊಡೆಯುವುದಕ್ಕೆ ಐದು ನಿಮಿಷ ಮೊದಲೇ ಪುಟ್ಟಿಯನ್ನು ಬಿಡತೊಡಗಿದರು. ಹೊಟ್ಟೆನೋವು ಬಹುಮಟ್ಟಿಗೆ ಹೋಯಿತು.

ಆದರೂ ತಾಯಿಗೆ ಆ ಶಾಲೆ ಮನಸ್ಸಿನಿಂದ ಹೋಗಲಿಲ್ಲ. ವ್ಯಾನಿನ ಪ್ರಯಾಣದಲ್ಲಿ ಮಗು ಸೋತು ಹೋಗುತ್ತಿತ್ತು, ಅದೂ ನಿಜವೇ. ಹೊಟ್ಟೆನೋವಿನ ಭಯ ಇಲ್ಲದೆ, ಸಮಾಧಾನವಾಗಿ ಯೋಚಿಸಲು ಈಗ ಸಮಯ ಸಿಕ್ಕಿತ್ತು.

ಕಾಗದಪತ್ರದ ಮಾತು ಬೇಗ ಮುಗಿಯುವಂಥದ್ದು. ಇಲಾಖೆಯ ಮಾನ್ಯತೆ ಇದೆಯಾ, ಯಾವ ತರಗತಿ ತನಕ ಇದೆ ಎಂದು ನೋಡಿ. ಪ್ಲೇ ಹೋಮ್ ಅಂತ ಶುರುಮಾಡಿ ವರ್ಷಕ್ಕೊಂದು ಕ್ಲಾಸ್ ಸೇರಿಸಿಕೊಂಡು ಹೋಗುವವರೂ ಇದ್ದಾರೆ. ದೇಶದ ಪ್ರತಿ ಶಾಲೆಗೂ ಸರ್ಕಾರ ಕೊಡುವ ಯುಡೈಸ್ ಸಂಖ್ಯೆ ಕೇಳಿ. ಅದು 11 ಅಂಕಿಯದು, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಮಗುವಿನ ಸ್ಯಾಟ್ಸ್ ನಂಬರ್ (ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸಂಖ್ಯೆ) ಆ ಶಾಲೆಗೆ ವರ್ಗವಾಗುತ್ತದಾ ಎಂದೂ ಕೇಳಿ. ಅನುಮಾನ ಇದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ವಿಚಾರಿಸಿ. ಇಲ್ಲದಿದ್ದರೆ ಮುಂದೆ ಟಿಸಿ ವಿಷಯದಲ್ಲಿ ಅಲೆಯಬೇಕಾಗುತ್ತದೆ.

ಒಂದೇ ರೂಮಿನಲ್ಲಿ ಎರಡು ಕ್ಲಾಸ್ ಎಂಬ ತಂದೆಯ ಆಕ್ಷೇಪ ನನಗೆ ದೊಡ್ಡದಾಗಿ ಕಾಣಲಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೇ ಕೂತು ಕಲಿಯುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರವೂ, ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳ ತನಕ ಕನಿಷ್ಠ ಇಬ್ಬರು ಶಿಕ್ಷಕರಿದ್ದರೆ ಸಾಕು. ಐದು ಕ್ಲಾಸಿಗೆ ಇಬ್ಬರೇ ಅಂದಮೇಲೆ ಮಕ್ಕಳು ಬೆರೆತು ಕೂರಲೇಬೇಕಲ್ಲವಾ? ಹೇಗೆ ನಡೆಸುತ್ತಾರೆ ಅನ್ನೋದು ಮುಖ್ಯ. ಒಂದು ಬೆಳಿಗ್ಗೆ ಹೋಗಿ ಕೂತು ನೋಡಿ ಎಂದೆ. ಟೀಚರ್ ಎರಡನೇ ಕ್ಲಾಸಿನವರ ಜೊತೆ ಇದ್ದಾಗ ಮೂರನೇ ಕ್ಲಾಸಿನವರು ಏನು ಮಾಡುತ್ತಿದ್ದಾರೆ? ಬೋರ್ಡ್ ನೋಡಿ ಸುಮ್ನೆ ಕಾಪಿ ಬರೆಯುತ್ತಿದ್ದರೆ ಆ ಶಾಲೆ ಬೇಡ. ಹೋದ ವರ್ಷ ಇದ್ದ ಟೀಚರ್‌ಗಳಲ್ಲಿ ಈಗ ಎಷ್ಟು ಜನ ಇದ್ದಾರೆ ಎಂದೂ ಕೇಳಿಸಿದೆ. ನಾಲ್ಕೇ ಜನ ಇರುವ ಕಡೆ ಒಬ್ಬರು ನಡುವರ್ಷದಲ್ಲಿ ಬಿಟ್ಟರೆ ಕಾಲು ಭಾಗ ಶಾಲೆಯೇ ಹೋದಂತೆ.

ನನಗೆ ನಿಜವಾಗಿ ಚಿಂತೆ ಇದ್ದದ್ದು ಗೆಳತಿಯರ ವಿಷಯದಲ್ಲಿ. ಆ ಶಾಲೆಯಲ್ಲಿ ಪುಟ್ಟಿಯ ವಯಸ್ಸಿನವರು ಆರು ಮಕ್ಕಳು, ಅದರಲ್ಲಿ ಹುಡುಗಿ ಒಬ್ಬಳೇ. 42 ಮಕ್ಕಳ ಕ್ಲಾಸಿನಲ್ಲಿ ಒಬ್ಬರ ಜೊತೆ ಟೂ ಬಿಟ್ಟರೆ ಇನ್ನೊಂದು ಬೆಂಚಿಗೆ ಹೋಗಬಹುದು. ಇಲ್ಲಿ ಇನ್ನೊಂದು ಬೆಂಚೇ ಇಲ್ಲ. ಚಿಕ್ಕ ಶಾಲೆಯಲ್ಲಿ ಎಲ್ಲರಿಗೂ ಮಗುವಿನ ಪರಿಚಯ ಇರುತ್ತದೆ ಎಂದು ತಾಯಂದಿರು ಖುಷಿಪಡುತ್ತಾರೆ. ಅದು ಒಳ್ಳೆಯದೇ. ಆದರೆ "ಅವಳು ಅಳುಬುರುಕಿ" ಅಂತ ಒಮ್ಮೆ ಹೆಸರು ಬಿದ್ದರೆ ಅದೂ ಎಲ್ಲರಿಗೂ ಗೊತ್ತಿರುತ್ತದೆ. ಐದನೇ ಕ್ಲಾಸಿನ ತನಕ ಅಂಟಿಕೊಂಡಿರುತ್ತದೆ.

ದೊಡ್ಡವರ ಪಾಡೂ ಹೀಗೇ. ಶಾಲೆ ಕಟ್ಟಿದವರೇ ಹೆಡ್‌ಮಿಸ್, ಅವರೇ ಗಣಿತದ ಟೀಚರ್, ಫೀಸು ತಗೊಳ್ಳುವವರೂ ಅವರೇ. ವರ್ಷ ಕಳೆಯುವುದರೊಳಗೆ ಮನೆಮಂದಿಯ ಹಾಗೆ ಆಗಿಬಿಡುತ್ತಾರೆ. ಆಮೇಲೆ ದೂರು ಹೇಳಲು ಬಾಯಿ ಬರುವುದಿಲ್ಲ. ಸೇರಿಸುವ ಮೊದಲೇ, "ನಿಮ್ಮ ಮೇಲೇ ದೂರು ಇದ್ದರೆ ಯಾರಿಗೆ ಹೇಳಬೇಕು ಮೇಡಂ?" ಎಂದು ನೇರವಾಗಿ ಕೇಳಿ ಎಂದೆ. ಮುಖ ಸಿಂಡರಿಸಿದರೆ ಅದೇ ಉತ್ತರ. ಇವರು ಕೇಳಿದಾಗ ಅವರು ನಕ್ಕು, ಟ್ರಸ್ಟಿನ ಇನ್ನೊಬ್ಬರ ನಂಬರ್ ಕೊಟ್ಟರಂತೆ. ತಂದೆ ಒಪ್ಪಿದ್ದು ಅಲ್ಲೇ.

ಜೂನಿನಲ್ಲಿ ಸೇರಿಸಿದರು. ಪುಟ್ಟಿ ಈಗ ಅಜ್ಜನ ಜೊತೆ ನಡೆದುಕೊಂಡು ಹೋಗುತ್ತಾಳೆ. ಗಣೇಶನ ಹಬ್ಬದ ಹೊತ್ತಿಗೆ ತಾಯಿ ಫೋನ್ ಮಾಡಿದರು. "ಮೇಡಂ, ಮತ್ತೆ ಸ್ಕೂಲಿಗೆ ಹೋಗಲ್ಲ ಅಂತಿದ್ದಾಳೆ." ಆ ಒಬ್ಬ ಗೆಳತಿ ಜೊತೆ ಜಗಳ, ಹುಡುಗರು ಇವಳನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ. ತಾಯಿ ಆಗಲೇ ಆ ಹುಡುಗಿಯ ಅಮ್ಮನಿಗೆ ವಾಟ್ಸಾಪ್ ಮಾಡಲು ಹೊರಟಿದ್ದರು. ಬೇಡ ಎಂದೆ. ಐವತ್ತು ಮಕ್ಕಳ ಶಾಲೆಯಲ್ಲಿ ಇಬ್ಬರು ಅಮ್ಮಂದಿರು ಮುನಿಸಿಕೊಂಡರೆ ಗೇಟಿನ ಹತ್ತಿರ ಪಕ್ಷಗಳೇ ಹುಟ್ಟುತ್ತವೆ! ಟೀಚರಿಗೆ ಹೇಳಿ, ಪುಟ್ಟಿಗೆ ಬೇರೆ ವಯಸ್ಸಿನ ಮಕ್ಕಳ ಜೊತೆ ಏನಾದರೂ ಕೆಲಸ ಕೊಡಿಸಿ ಎಂದೆ. ಬೆರೆತ ಕ್ಲಾಸಿನ ಲಾಭ ಇಂಥ ಕಡೆಯೇ ಸಿಗುವುದು. ಒಂದನೇ ಕ್ಲಾಸಿನ ಒಬ್ಬಳಿಗೆ ಕಾಗುಣಿತ ಹೇಳಿಕೊಡುವ ಕೆಲಸ ಸಿಕ್ಕಿತು. ಸಂಜೆ ಪಾರ್ಕಿನಲ್ಲಿ ಶಾಲೆಗೆ ಸಂಬಂಧವೇ ಇಲ್ಲದ ಮಕ್ಕಳ ಗುಂಪು ಇರಲಿ ಎಂದೂ ಹೇಳಿದೆ. ದಸರಾ ರಜೆ ಬರುವ ಹೊತ್ತಿಗೆ ಜಗಳ ಇಬ್ಬರಿಗೂ ಮರೆತಿತ್ತು.

ತಂದೆಗೆ ಆರನೇ ಕ್ಲಾಸಿನ ಚಿಂತೆ ಇನ್ನೂ ಇದೆ. ನಾಲ್ಕರಲ್ಲಿ ಇರುವಾಗಲೇ ಹುಡುಕಲು ಶುರುಮಾಡಿ ಎಂದಿದ್ದೇನೆ. ಹೆಸರು ಮಾಡಿದ ದೊಡ್ಡ ಶಾಲೆಗಳಲ್ಲಿ ಎಲ್‌ಕೆಜಿಗೇ ಸೀಟು ತುಂಬಿರುತ್ತದೆ. ಯಾರಾದರೂ ಬಿಟ್ಟು ಹೋದರೆ ಮಾತ್ರ ಆರಕ್ಕೆ ಜಾಗ. ರಾಜ್ಯ ಪಠ್ಯಕ್ರಮದಲ್ಲಿ ಮೂರನೇ ಭಾಷೆ ಆರನೇ ತರಗತಿಯಲ್ಲೇ ಶುರುವಾಗುವುದರಿಂದ ಆ ಹೊತ್ತಿನಲ್ಲಿ ಸೇರುವ ಮಗುವಿಗೆ ಅದು ಕಷ್ಟವಾಗುವುದಿಲ್ಲ. ಸಿಬಿಎಸ್‌ಇ ಕಡೆ ಯೋಚನೆ ಇದ್ದರೆ, ಅಲ್ಲಿ ಆ ಭಾಷೆ ಮೊದಲೇ ಶುರುವಾಗಿದೆಯಾ ಎಂದು ಕೇಳಿಕೊಂಡು ಬನ್ನಿ ಎಂದೆ.