ಊರಿನ ಚೆಸ್ ಕ್ಲಬ್‌ಗೆ ಗ್ರ್ಯಾಂಡ್‌ಮಾಸ್ಟರ್ ಕರೆಸಿ ಎಲ್ಲರ ಜೊತೆ ಒಟ್ಟಿಗೆ ಆಡಿಸಬೇಕು. ತಯಾರಿ ಹೇಗೆ?

ನಿಮ್ಮ ತಾಲ್ಲೂಕಿನ ಕ್ಲಬ್‌ನಲ್ಲಿ 40 ಜನ ಇದ್ದಾರೆ, ಒಂದು ಭಾನುವಾರ ಗ್ರ್ಯಾಂಡ್‌ಮಾಸ್ಟರ್ ಒಬ್ಬರನ್ನು ಕರೆಸಿ ಅಷ್ಟೂ ಜನರ ಜೊತೆ ಸೈಮಲ್ (ಒಬ್ಬರೇ ಬೋರ್ಡಿನಿಂದ ಬೋರ್ಡಿಗೆ ಸುತ್ತುತ್ತಾ ಎಲ್ಲರ ಜೊತೆ ಒಟ್ಟಿಗೆ ಆಡುವುದು) ಆಡಿಸಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡುವುದು ಗೊತ್ತಾಗುತ್ತಿಲ್ಲ ಅಂದಿದ್ದೀರಿ. ಹಾಸನ ಕಡೆಯ ನಮ್ಮ ಬಳಗದಲ್ಲಿ ಇಂಥ ಕಾರ್ಯಕ್ರಮಗಳ ಓಡಾಟ ನನ್ನ ಪಾಲಿಗೆ ಬರುತ್ತದೆ. ಅದರ ಮೇಲೆ ಹೇಳ್ತೀನಿ.

ಮೊದಲು 40 ಬೋರ್ಡಿನ ಯೋಚನೆ ಬಿಡಿ. 20ರಿಂದ 25 ಸಾಕು. ಒಂದೊಂದು ಬೋರ್ಡಿನ ಮುಂದೆ ಅವರು ಹತ್ತು ಸೆಕೆಂಡ್ ನಿಂತರೂ 25 ಬೋರ್ಡಿಗೆ ಒಂದು ಸುತ್ತು ನಾಲ್ಕು ನಿಮಿಷ ದಾಟುತ್ತದೆ. 40 ನಡೆ ಅಂದರೆ ಹೆಚ್ಚುಕಡಿಮೆ ಮೂರು ಗಂಟೆ. ಅದೇ 40 ಬೋರ್ಡ್ ಇಟ್ಟರೆ ನಾಲ್ಕೂವರೆ ಗಂಟೆ. ಅಷ್ಟು ಹೊತ್ತು ಮಕ್ಕಳು ಕೂರುವುದಿಲ್ಲ, ನೋಡುವವರು ಎದ್ದು ಹೋಗುತ್ತಾರೆ, ಊಟ ಆರಿಹೋಗುತ್ತದೆ. 1922ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕಪಾಬ್ಲಾಂಕಾ 103 ಜನರ ಜೊತೆ ಆಡಿ 102 ಗೆದ್ದು ಒಂದು ಡ್ರಾ ಮಾಡಿದ್ದರು. 2011ರಲ್ಲಿ ಇರಾನಿನ ಎಹ್ಸಾನ್ ಘಾಯೆಮ್ ಮಘಾಮಿ ಟೆಹ್ರಾನ್‌ನಲ್ಲಿ 604 ಬೋರ್ಡ್ ಆಡಿದರು, ಒಂದು ಹಗಲು ಒಂದು ರಾತ್ರಿ ಮುಗಿದರೂ ಆಟ ಮುಗಿದಿರಲಿಲ್ಲ. ಅದೆಲ್ಲ ದಾಖಲೆಗೆ. ನಮಗೆ ಬೇಕಿರುವುದು ಒಳ್ಳೆಯ ಆಟ.

ಯಾರನ್ನು ಕರೆಯುವುದು? ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಇಂಥ ಪ್ರಶ್ನೆಯೇ ಇರಲಿಲ್ಲ. ಈಗ ಭಾರತದ ಸಂಖ್ಯೆ 85 ದಾಟಿದೆ. ನಮ್ಮ ರಾಜ್ಯದಲ್ಲೇ ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಮೊದಲಿಗರಾದರು, ಆಮೇಲೆ ಮೈಸೂರಿನವರೇ ಆದ ಗಿರೀಶ್ ಕೌಶಿಕ್, ಭದ್ರಾವತಿ ಕಡೆಯ ಸ್ಟ್ಯಾನಿ, ಹೀಗೆ ಸಾಲು ಬೆಳೆದಿದೆ. ಜಿಲ್ಲಾ ಚೆಸ್ ಸಂಸ್ಥೆಯವರ ಮೂಲಕ ಕೇಳಿದರೆ ದಾರಿ ಸಿಗುತ್ತದೆ. ಕನ್ನಡ ಮಾತಾಡುವವರು ಬಂದರೆ ಹಳ್ಳಿ ಶಾಲೆಯ ಮಕ್ಕಳು ಧೈರ್ಯವಾಗಿ ಪ್ರಶ್ನೆ ಕೇಳುತ್ತಾರೆ, ಇದು ಸಣ್ಣ ವಿಷಯ ಅಲ್ಲ. ಬಜೆಟ್ ಕಡಿಮೆ ಇದ್ದರೆ ಇಂಟರ್‌ನ್ಯಾಷನಲ್ ಮಾಸ್ಟರ್ (ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬಿರುದು) ಒಬ್ಬರನ್ನು ಕರೆಯಿರಿ. ನಮ್ಮಂಥ ಕ್ಲಬ್ಬುಗಳ ಆಟಗಾರರಿಗೆ ಇಬ್ಬರೂ ಒಂದೇ ಥರ ಹೊಡೆಯುತ್ತಾರೆ, ಸುಮ್ನೆ ಹೇಳ್ತಿಲ್ಲ.

ದುಡ್ಡಿನ ಮಾತು ಮೊದಲ ಫೋನಿನಲ್ಲೇ ಆಗಲಿ. "ನಿಮ್ಮ ಆಶೀರ್ವಾದ ಇದ್ದರೆ ಸಾಕು ಸರ್, ನಮ್ಮದು ಚಿಕ್ಕ ಊರು" ಅಂತ ಎಳೆಯಬೇಡಿ. ಅವರಿಗೆ ಇದು ಹೊಟ್ಟೆಪಾಡು. ಸಂಭಾವನೆ ಎಷ್ಟು, ಓಡಾಟ ಮತ್ತು ರೂಮು ಯಾರದು, ಎಷ್ಟು ಬೋರ್ಡ್, ಆಟಗಾರರ ರೇಟಿಂಗ್ (ಆಟದ ಬಲ ತೋರಿಸುವ ಅಂಕ) ಎಷ್ಟರವರೆಗೆ, ಆಟ ಆದ ಮೇಲೆ ಒಂದು ಗಂಟೆ ಪಾಠ ಮಾಡುತ್ತಾರಾ, ಇಷ್ಟನ್ನು ಕೇಳಿ ಒಂದು ವಾಟ್ಸಾಪ್ ಮೆಸೇಜಿನಲ್ಲಿ ಬರೆದು ಕಳಿಸಿ. ರೇಟಿಂಗ್ ವಿಷಯ ಮುಚ್ಚಿಡಬೇಡಿ. ಹವ್ಯಾಸಿಗಳು ಅಂತ ಹೇಳಿ ಪಕ್ಕದ ಜಿಲ್ಲೆಯಿಂದ 1900 ರೇಟಿಂಗಿನ ಗಟ್ಟಿ ಆಟಗಾರರನ್ನು ಹತ್ತು ಜನ ತಂದು ಕೂರಿಸಿದರೆ ಅದು ಮೋಸ. ಆಟವೂ ಸಂಜೆವರೆಗೆ ಎಳೆಯುತ್ತದೆ.

ಜಾಗಕ್ಕೆ ನನ್ನ ಸಲಹೆ ಆಷಾಢ. ನಮ್ಮ ಕಡೆ ಆ ತಿಂಗಳು ಮದುವೆ ಇಟ್ಟುಕೊಳ್ಳುವುದಿಲ್ಲ, ಕಲ್ಯಾಣ ಮಂಟಪಗಳು ಖಾಲಿ ಹೊಡೆಯುತ್ತಿರುತ್ತವೆ. ಬಾಡಿಗೆಯಲ್ಲಿ ಚೌಕಾಸಿ ಮಾಡಬಹುದು. ಮಳೆಗಾಲ ಆದ್ದರಿಂದ ಜನರೇಟರ್ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ.

ಮಂಟಪದ ಊಟದ ಟೇಬಲ್ ನೋಡಿ ಖುಷಿಪಡುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ಟೂರ್ನಮೆಂಟ್ ಬೋರ್ಡಿನ ಒಂದು ಮನೆ ಐದರಿಂದ ಆರು ಸೆಂಟಿಮೀಟರ್, ಅಂಚು ಸೇರಿ ಬೋರ್ಡು ಅರ್ಧ ಮೀಟರ್ ಹತ್ತಿರ ಬರುತ್ತದೆ. ಎಷ್ಟೋ ಊಟದ ಟೇಬಲ್ ಅಷ್ಟು ಅಗಲ ಇರುವುದಿಲ್ಲ. ರೆಕ್ಸಿನ್ ಬೋರ್ಡಿನ ಅಂಚು ಕೆಳಗೆ ಜೋತುಬಿದ್ದರೆ ಮೊದಲ ಸಾಲಿನ ಆನೆ, ಕುದುರೆ ನೆಲಕ್ಕೆ ಬೀಳುತ್ತವೆ. ಎರಡು ಟೇಬಲ್ ಉದ್ದಕ್ಕೆ ಜೋಡಿಸಿ, ಇಲ್ಲವಾದರೆ ಶಾಮಿಯಾನದವರ ಹತ್ತಿರ ಅಗಲದ್ದು ತರಿಸಿ. ಎತ್ತರವೂ ಮುಖ್ಯ. ಆಡುವವರು ಕೂತಿರುತ್ತಾರೆ, ಅತಿಥಿ, ಅಂದರೆ ಗ್ರ್ಯಾಂಡ್‌ಮಾಸ್ಟರ್, ಮಾತ್ರ ಸಾವಿರ ಸಲ ಬಗ್ಗಿ ಏಳಬೇಕು. ಟೇಬಲ್‌ಗಳನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಇಡಿ. ಆಟಗಾರರು ಹೊರಗೆ, ಅವರು ಒಳಗೆ, ಊಟದ ಪಂಕ್ತಿಯಲ್ಲಿ ಬಡಿಸುವವರು ಸಾಗುವ ಹಾಗೆ. ಒಬ್ಬರಿಗೆ ಮೂರು ಅಡಿ ಅಂತ ಹಿಡಿದರೂ ಆಟ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ನಡೆದಿರುತ್ತಾರೆ. ಆ ದಾರಿಯಲ್ಲಿ ಮೈಕಿನ ವೈರು ಬೇಡ.

ಹಿಂದಿನ ರಾತ್ರಿಯೇ ಬೋರ್ಡ್ ಜೋಡಿಸಿ ಒಬ್ಬರು ಸುತ್ತು ಹೊಡೆದು ನೋಡಿ. ಪ್ರತಿ ಆಟಗಾರನ ಬಲಗೈ ಮೂಲೆಯಲ್ಲಿ ಬಿಳಿ ಮನೆ ಇರಬೇಕು, ಮಂತ್ರಿ ತನ್ನ ಬಣ್ಣದ ಮನೆಯಲ್ಲಿ. 25ರಲ್ಲಿ ಒಂದಾದರೂ ತಪ್ಪಿರುತ್ತದೆ. ಎಲ್ಲ ಕಡೆ ಬಿಳಿ ಕಾಯಿ ಅತಿಥಿಗೇ, ಅದು ರೂಢಿ.

ಯಾರನ್ನು ಕೂರಿಸುವುದು ಅನ್ನುವುದೇ ದೊಡ್ಡ ತಲೆನೋವು. ಪ್ರಾಯೋಜಕರು "ನಮ್ಮ ಹುಡುಗನಿಗೆ ಒಂದು ಸೀಟು" ಅನ್ನುತ್ತಾರೆ. ಒಂದೋ ಎರಡೋ ಕೊಡಿ, ಅದಕ್ಕಿಂತ ಜಾಸ್ತಿ ಬೇಡ. ಕ್ಲಬ್ಬಿನ ಗಟ್ಟಿ ಆಟಗಾರರು ಅರ್ಧ ಇರಲಿ. ಉಳಿದದ್ದು ಸರ್ಕಾರಿ ಶಾಲೆಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಇಬ್ಬರು ಮೂವರು ಹಿರಿಯರಿಗೆ. 1925ರಲ್ಲಿ ಲೆನಿನ್‌ಗ್ರಾಡಿನ ಒಂದು ಸೈಮಲ್‌ನಲ್ಲಿ ಅದೇ ಕಪಾಬ್ಲಾಂಕಾ, ಆಗ ವಿಶ್ವ ಚಾಂಪಿಯನ್, 14 ವರ್ಷದ ಹುಡುಗನಿಗೆ ಸೋತರು. ಹುಡುಗನ ಹೆಸರು ಬೋಟ್ವಿನ್ನಿಕ್, ಮುಂದೆ ಅವನೇ ವಿಶ್ವ ಚಾಂಪಿಯನ್ ಆದ. ಮಕ್ಕಳಿಗೆ ಸೀಟು ಯಾಕೆ ಅಂತ ಸಮಿತಿಯಲ್ಲಿ ಯಾರಾದರೂ ಕೇಳಿದರೆ ಇದನ್ನು ಹೇಳಿ. ಹಿರಿಯರಿಗೆ ಮಾತ್ರ ಮೊದಲೇ ಒಂದು ಮಾತು: ಇದು ಅಂತಾರಾಷ್ಟ್ರೀಯ ನಿಯಮದ ಆಟ. ಕಟ್ಟೆ ಮೇಲೆ ಹಳೇ ಪದ್ಧತಿಯಲ್ಲಿ ಆಡಿ ಬೆಳೆದವರು ಕಾಲಾಳನ್ನು ಒಂದೇ ಮನೆ ನಡೆಸುತ್ತಾರೆ, ರಾಜನನ್ನು ಒಮ್ಮೆ ಕುದುರೆ ಹಾಗೆ ಹಾರಿಸುತ್ತಾರೆ.

ನಿಯಮಗಳನ್ನು ಆಟಕ್ಕೆ ಮುಂಚೆ ಮೈಕಿನಲ್ಲಿ ಓದಿಬಿಡಿ. ಅತಿಥಿ ಬಂದು ಎದುರು ನಿಂತಾಗಲೇ ನಡೆ ಆಡಬೇಕು. ಅವರು ಇಲ್ಲದಾಗ ಕಾಯಿ ಎತ್ತಿ ಪ್ರಯೋಗ ಮಾಡುವ ಹಾಗಿಲ್ಲ, ತಲೆಯಲ್ಲೇ ಯೋಚಿಸಬೇಕು. ಪಕ್ಕದವರನ್ನು ಕೇಳುವ ಹಾಗಿಲ್ಲ. ಫೋನುಗಳೆಲ್ಲ ಒಂದು ಬುಟ್ಟಿಗೆ. ಅತಿಥಿಯ ನಡೆ ಮುಂದಿನ ಬೋರ್ಡಿನಲ್ಲಿ ಆಡುವವರೆಗೆ ಬದಲಾಯಿಸಬಹುದು ಅನ್ನುವ ಹಳೇ ರೂಢಿ ಇದೆ, ಬೇಕಾ ಅಂತ ಅವರನ್ನೇ ಕೇಳಿ. ಆಟ ಮುಗಿದ ಬೋರ್ಡಿನಲ್ಲಿ ರಾಜರನ್ನು ನಡುವಿನ ಮನೆಗಳಲ್ಲಿ ಇಡಿಸಿ: ಬಿಳಿ ಗೆದ್ದರೆ ಎರಡೂ ಬಿಳಿ ಮನೆಯಲ್ಲಿ, ಕಪ್ಪು ಗೆದ್ದರೆ ಎರಡೂ ಕಪ್ಪು ಮನೆಯಲ್ಲಿ, ಡ್ರಾ ಆದರೆ ಎದುರುಬದುರು. ಫಲಿತಾಂಶ ಬರೆಯುವವರು ಯಾರನ್ನೂ ಕೇಳಬೇಕಿಲ್ಲ.

ಈಗ ಬಹಳ ಜನ ಗಮನಿಸದ ಒಂದು ವಿಷಯ. ಮೊದಲ ಗಂಟೆ ಆಟಗಾರನಿಗೆ ಒಂದು ನಡೆಗೆ ನಾಲ್ಕು ನಿಮಿಷ ಸಿಗುತ್ತದೆ. ಒಬ್ಬೊಬ್ಬರೇ ಸೋತು ಎದ್ದ ಹಾಗೆ ಸುತ್ತು ಚಿಕ್ಕದಾಗುತ್ತದೆ. ಮೂರು ಬೋರ್ಡ್ ಉಳಿದಾಗ ಅರ್ಧ ನಿಮಿಷಕ್ಕೆಲ್ಲ ಅವರು ವಾಪಸ್ ಬಂದು ನಿಂತಿರುತ್ತಾರೆ. ಅಂದರೆ ಚೆನ್ನಾಗಿ ಆಡಿ ಉಳಿದವರಿಗೇ ಕಡಿಮೆ ಸಮಯ! ಅದಕ್ಕೆ ಪಾಸ್, ಅಂದರೆ ಆ ಸುತ್ತಿನಲ್ಲಿ ನಡೆ ಆಡದೆ ಬಿಡುವ ಅವಕಾಶ, ಬೇಕು. ನಾವು ಪ್ರತಿ ಬೋರ್ಡಿನ ಪಕ್ಕ ಮೂರು ಕೇರಂ ಕಾಯಿ ಇಡುತ್ತೇವೆ. ನಡೆ ಹೊಳೆಯದಿದ್ದರೆ ಒಂದು ಕಾಯಿ ಮುಂದೆ ತಳ್ಳಿದರಾಯಿತು, ಅವರು ಅದನ್ನು ಎತ್ತಿಕೊಂಡು ಮುಂದಿನ ಬೋರ್ಡಿಗೆ ಹೋಗುತ್ತಾರೆ. ಒಮ್ಮೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮೂರೂ ಕಾಯಿಗಳನ್ನು ಮುಟ್ಟದೆ ಕೊನೆಯವರೆಗೆ ಉಳಿಸಿಕೊಂಡಿದ್ದಳು. ಎರಡೂ ಕಡೆ ಒಂದೊಂದು ಆನೆ, ಅವಳಿಗೆ ಒಂದು ಕಾಲಾಳು ಕಡಿಮೆ. ಅಲ್ಲಿ ಶುರು ಮಾಡಿದಳು ನೋಡಿ. ಒಂದು ಕಾಯಿ ತಳ್ಳಿದಳು, ಯೋಚಿಸಿದಳು, ಇನ್ನೊಂದು ತಳ್ಳಿದಳು. ಮೂರನೆಯದು ಎತ್ತಿಕೊಳ್ಳುವಾಗ ಅತಿಥಿಗೇ ನಗು ಬಂತು. ಆಟ ಡ್ರಾ ಆಯಿತು. ಅವಳು ನಡೆ ಬರೆದ ಶೀಟಿನ ಮೇಲೆ ಅವರು ಸಹಿ ಹಾಕಿ, "ಕಾಯಿ ಉಳಿಸಿದ್ದೇ ನಿನ್ನ ಒಳ್ಳೆ ನಡೆ" ಅಂದರು.

ಅಪ್ಪಂದಿರನ್ನು ದೂರ ಇಡಿ. ಅಮ್ಮಂದಿರು ಕುರ್ಚಿಯಲ್ಲಿ ಕೂತು ತಿಂಡಿ ಬಾಕ್ಸ್ ಕಾಯುತ್ತಾರೆ, ಅಪ್ಪಂದಿರು ಮಗನ ಬೆನ್ನ ಹಿಂದೆ ನಿಂತು ಗಂಟಲು ಕೆರೆಯುತ್ತಾರೆ. ಆರು ಅಡಿ ದೂರದಲ್ಲಿ ಹಗ್ಗ ಕಟ್ಟಿ, ಎಲ್ಲರಿಗೂ ಒಂದೇ ಕಾನೂನು.

ಇನ್ನು ಸಭೆ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಹತ್ತು ಗಂಟೆಗೆ ಆಟ ಅಂತ ಕರೆದು, ಮುಖ್ಯ ಅತಿಥಿಗಾಗಿ ಹನ್ನೊಂದರವರೆಗೆ ಕಾದು, ಪ್ರಾರ್ಥನೆ, ಸ್ವಾಗತ, ದೀಪ, ಐದು ಜನರ ಭಾಷಣ, ಆಮೇಲೆ ಗ್ರ್ಯಾಂಡ್‌ಮಾಸ್ಟರ್ ತಲೆಗೆ ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ಮೊದಲ ನಡೆ ಬೀಳುವಾಗ ಹನ್ನೆರಡೂಕಾಲು. ಒಂದೂವರೆಗೆ ಊಟದ ವಾಸನೆ ಬಂದಾಗ ಅರ್ಧ ಜನ ಕೈಚೆಲ್ಲುತ್ತಾರೆ. ಎರಡು ನಿಮಿಷ ಸ್ವಾಗತ ಮಾಡಿ ಆಟ ಶುರು ಮಾಡಿ. ಸನ್ಮಾನ, ಭಾಷಣ ಎಲ್ಲ ಊಟದ ನಂತರ ಇಡಿ. ಮುಖ್ಯ ಅತಿಥಿ ಬೆಳಿಗ್ಗೆಯೇ ಬಂದುಬಿಟ್ಟರೆ ಮೊದಲ ಬೋರ್ಡಿನ ಮೊದಲ ನಡೆ ಅವರ ಕೈಯಲ್ಲಿ ಆಡಿಸಿ ಫೋಟೋ ತೆಗೆಸಿ. ಅವರಿಗೂ ಖುಷಿ, ಆಟವೂ ಶುರು.

ಮಧ್ಯಾಹ್ನ ಪ್ರೊಜೆಕ್ಟರ್ ಹಾಕಿ ಅವರದೇ ಒಂದು ಆಟ ವಿವರಿಸಲು ಕೇಳಿ, ಬೆಳಗಿನ ಎರಡು ಆಟಗಳ ಶೀಟನ್ನೂ ಕೈಗೆ ಕೊಡಿ. ನನ್ನ ಪ್ರಕಾರ ಮಕ್ಕಳು ಕಲಿಯುವುದು ಸೈಮಲ್‌ಗಿಂತ ಈ ಒಂದು ಗಂಟೆಯಲ್ಲಿ ಜಾಸ್ತಿ. ವಾಪಸ್ ಟಿಕೆಟ್ ಸಂಜೆ ಆರರ ಮೇಲಿನದು ಮಾಡಿಸಿ, ಸಂಭಾವನೆಯ ಕವರ್ ಊಟಕ್ಕೆ ಮುಂಚೆಯೇ ಕೊಟ್ಟುಬಿಡಿ. ಸಮಿತಿಯಲ್ಲಿ ಅದು ಯಾರ ಜೇಬಿನಲ್ಲಿದೆ ಅಂತ ಸ್ಟೇಷನ್ನಿನಲ್ಲಿ ಹುಡುಕುವ ಹಾಗಾಗಬಾರದು. ಬೋರ್ಡ್, ಕಾಯಿ ಕಡಿಮೆ ಬಿದ್ದರೆ ಹೇಳಿ, ನಮ್ಮ ಹತ್ತಿರ ಒಂದಷ್ಟು ಇವೆ, ಬಸ್ಸಿಗೆ ಹಾಕಿ ಕಳಿಸ್ತೀವಿ.